ಸಾವನದುರ್ಗ ಹತ್ತುವವರಿಗೆ: ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ

"ಸಾವನದುರ್ಗ ಹತ್ತೋಕೆ ತುಂಬಾ ಕಷ್ಟಾನಾ?", "ಮಕ್ಕಳನ್ನ ಕರ್ಕೊಂಡು ಹೋಗಬಹುದಾ?", "ಮಳೆಗಾಲದಲ್ಲಿ ಚೆನ್ನಾಗಿರುತ್ತಂತಲ್ಲ, ಹೋಗೋಣ್ವಾ?" ಬೆಂಗಳೂರಿನ ಸುತ್ತಮುತ್ತಲ ಬೆಟ್ಟಗಳನ್ನು ಹತ್ತಲು ಆಗಷ್ಟೇ ಶುರು ಮಾಡಿದವರು ಮತ್ತೆ ಮತ್ತೆ ಕೇಳುವುದು ಇವನ್ನೇ. ಚುಟುಕಾಗಿ ಹೇಳುವುದಾದರೆ, ದಿನಕ್ಕೆ ನಾಲ್ಕೈದು ಕಿಲೋಮೀಟರ್ ದಣಿಯದೆ ನಡೆಯಬಲ್ಲವರು ಈ ಬೆಟ್ಟ ಹತ್ತಬಹುದು. ಆದರೆ ಬಂಡೆ ಒಣಗಿರಬೇಕು, ಬೆಳಗ್ಗೆ ಬೇಗ ಕಾಲು ಹಾಕಬೇಕು, ಹತ್ತಿದ ದಾರಿಯಲ್ಲೇ ಇಳಿಯಬೇಕು. ಈ ಮೂರರಲ್ಲಿ ಯಾವುದನ್ನೂ ಸಡಿಲ ಬಿಡಬೇಡಿ. ಇಲ್ಲಿ ನಡೆದ ಅನಾಹುತಗಳ ಸುದ್ದಿ ಓದಿದಾಗಲೆಲ್ಲ ಇವುಗಳಲ್ಲೇ ಒಂದು ತಪ್ಪಿತ್ತೇನೋ ಎಂದು ಸಂಕಟವಾಗುತ್ತದೆ. ಹಾಗಾಗಿ ಪೂರ್ತಿ ಉತ್ತರ ಒಂದೇ ಕಡೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬೆಟ್ಟದ ಪರಿಚಯ. ಸಾವನದುರ್ಗ ಇರುವುದು ಮಾಗಡಿ ತಾಲ್ಲೂಕಿನಲ್ಲಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಎಂದು ಇದಕ್ಕೆ ಹೆಸರು. ಇಲ್ಲಿ ಎರಡು ಗುಡ್ಡಗಳಿವೆ: ಕರಿಗುಡ್ಡ, ಬಿಳಿಗುಡ್ಡ. ಜನ ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು. ಈ ಲೇಖನವೂ ಅದರ ಬಗ್ಗೆಯೇ. ಬಿಳಿಗುಡ್ಡದ ಕಡೆ ಕಾಡು ದಟ್ಟ, ಜಾಡು ಸರಿಯಾಗಿ ಕಾಣುವುದಿಲ್ಲ. "ಅದನ್ನೂ ಒಂದು ಕೈ ನೋಡಿಬಿಡೋಣ" ಎಂದು ಹೊರಡಬೇಡಿ.

ನಂದಿಬೆಟ್ಟ, ಶಿವಗಂಗೆ ಹತ್ತಿ ಬಂದವರು ಇದೂ ಹಾಗೆಯೇ ಎಂದುಕೊಂಡು ಬರುತ್ತಾರೆ. ಶಿವಗಂಗೆಯಲ್ಲಿ ಕಡಿದಾದ ಕಡೆ ಮೆಟ್ಟಿಲು ಕೊರೆದಿದ್ದಾರೆ, ಹಿಡಿಯಲು ಕಬ್ಬಿಣದ ಕಂಬಿಗಳಿವೆ. ಇಲ್ಲಿ ದಾರಿಯ ಬಹುಪಾಲು ಬರೀ ಇಳಿಜಾರು ಬಂಡೆ. ನಿಮ್ಮ ಅಡಿಗಾಲು ಮತ್ತು ಕಲ್ಲಿನ ನಡುವಿನ ಹಿಡಿತವೇ ಮೆಟ್ಟಿಲು, ಅದೇ ಕಂಬಿ. ಒಂದು ಕಡೆಯ ದಾರಿ ಎರಡು ಕಿಲೋಮೀಟರ್ ಆಸುಪಾಸು ಅಷ್ಟೇ. ಆದರೂ ಹತ್ತಲು ಒಂದೂವರೆಯಿಂದ ಎರಡೂವರೆ ಗಂಟೆ ಹಿಡಿಯುವುದು ಇದಕ್ಕೇ.

ಹಂತ 1: ದಿನ ಆರಿಸಿ

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬಂಡೆ ಕಾಯತೊಡಗುತ್ತದೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾವು, ನಡುವೆ ನೀವು. ಬಂಡೆಯ ಉದ್ದಕ್ಕೂ ನೆರಳೆಂಬುದು ಅಪರೂಪ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ತೊಂದರೆ: ಮಧ್ಯಾಹ್ನದ ಮೇಲೆ ದಿಢೀರನೆ ಗುಡುಗು ಸಿಡಿಲಿನ ಮಳೆ. ಬಟಾಬಯಲಿನ ಬಂಡೆಯ ಮೇಲೆ ಆಗ ಎತ್ತರದ ವಸ್ತುವೆಂದರೆ ನೀವೇ.

ಮಳೆಗಾಲದ ಬಗ್ಗೆ ಕೇಳುವವರಿಗೆ ನನ್ನ ಉತ್ತರ ನೇರ: ಬೇಡ. ಸುತ್ತಲ ಹಸಿರು ಚೆಂದ ನಿಜ. ಅದನ್ನು ಬುಡದಲ್ಲೇ ನಿಂತು ನೋಡಿ. ಕಾರಣ ಬೇಕೆಂದರೆ ದೂರದಿಂದ ಬೆಟ್ಟವನ್ನೊಮ್ಮೆ ದಿಟ್ಟಿಸಿ. ಮೇಲಿನಿಂದ ಕೆಳಗೆ ಉದ್ದುದ್ದ ಕಪ್ಪು ಪಟ್ಟೆಗಳು ಇಳಿದಿರುತ್ತವೆ. ಮಳೆನೀರು ಹರಿದ ಜಾಡು ಅವು. ಅಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಾಚಿಯಂಥ ಜೀವಿಗಳ ಪೊರೆ ಬೆಳೆದಿರುತ್ತದೆ. ಒಣಗಿದ್ದಾಗ ಅದರ ಮೇಲೆ ಕಾಲಿಟ್ಟರೆ ಏನೂ ಅನಿಸುವುದಿಲ್ಲ. ಹನಿ ಬಿದ್ದರೆ ಲೋಳೆಯಾಗುತ್ತದೆ, ಎಂಥ ದುಬಾರಿ ಶೂ ಇದ್ದರೂ ಕಾಲು ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಬೆಳಗ್ಗೆ ಆಕಾಶ ತಿಳಿಯಾಗಿದ್ದರೂ ಆ ದಿನ ಬಿಟ್ಟುಬಿಡಿ. ಮೇಲಿನ ದೊಣೆಗಳಿಂದ (ಬಂಡೆಯಲ್ಲೇ ನೀರು ನಿಲ್ಲುವ ತಗ್ಗುಗಳು) ನೀರು ಜಿನುಗುತ್ತಲೇ ಇರುತ್ತದೆ.

ಹಂತ 2: ಅನುಮತಿ ಮತ್ತು ದಾರಿ

ಬೆಟ್ಟ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದೆ. ಹೊರಡುವ ಮುನ್ನ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ನೋಡಿ, ಚಾರಣ ತೆರೆದಿದೆಯೇ, ಟಿಕೆಟ್ ಮುಂಗಡವಾಗಿ ಕೊಳ್ಳಬೇಕೇ, ಒಳಗೆ ಬಿಡುವ ಹೊತ್ತು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯವಿದ್ದಾಗ ಚಾರಣದ ದಾರಿಗಳನ್ನು ಮುಚ್ಚುವುದುಂಟು. ಎಲ್ಲಿಂದಲೋ ಬಂದು ಗೇಟಿನಿಂದ ವಾಪಸ್ಸಾಗುವುದು ಬೇಡ. ರಾತ್ರಿ ಚಾರಣದ ಆಸೆ ಬಿಡಿ. ಈ ಭಾಗದ ಕಾಡುಗಳಲ್ಲಿ ಚಿರತೆ, ಕರಡಿಗಳಿವೆ. ಅದಕ್ಕಿಂತ ಹೆಚ್ಚಾಗಿ ಕತ್ತಲಲ್ಲಿ ಬಂಡೆಯ ಅಂಚು ಕಾಣುವುದಿಲ್ಲ.

ಸ್ವಂತ ವಾಹನವಿದ್ದರೆ ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿ ಬನ್ನಿ. ಮಾಗಡಿ ಊರು ಮುಟ್ಟುವ ಮೊದಲೇ ಎಡಕ್ಕೆ ತಿರುಗಬೇಕು. ಮೈಸೂರು ರಸ್ತೆಯ ಕಡೆಯವರು ಬಿಡದಿ, ಮಂಚನಬೆಲೆ ಮೂಲಕವೂ ಬರಬಹುದು. ಬಸ್ಸಿನಲ್ಲಾದರೆ ಮೊದಲು ಮಾಗಡಿ, ಅಲ್ಲಿಂದ ಸ್ಥಳೀಯ ಬಸ್ಸೋ ಆಟೋವೋ. ಇನ್ನೂ 12 ಕಿ.ಮೀ. ಇದೆ. ಇಳಿದ ಕೂಡಲೇ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಬೆಟ್ಟದ ಮೇಲೆ ಎಷ್ಟು ಹೊತ್ತು ಕೂರಬಹುದು ಎನ್ನುವುದು ಅದರ ಮೇಲೆ ನಿಂತಿದೆ.

ಹಂತ 3: ಚೀಲ, ಶೂ, ಬಟ್ಟೆ

ಶೂ ಮುಖ್ಯ. ಮೃದು ರಬ್ಬರಿನ, ಅಡಿಯಲ್ಲಿ ಗೆರೆಗಳು ಸವೆಯದ ಶೂ ಇರಬೇಕು. ಚಪ್ಪಲಿ, ಸ್ಯಾಂಡಲ್, ಕ್ರಿಕೆಟ್ ಮೊಳೆ ಶೂ, ಕಾಲೇಜಿನಿಂದಲೂ ಹಾಕಿಕೊಂಡು ನುಣ್ಣಗಾದ ಹಳೇ ಶೂ ಯಾವುದೂ ಬೇಡ. ಒಂದೂ ಬಾರಿ ಹಾಕದ ಹೊಸ ಶೂ ಕೂಡ ಬೇಡ, ಬೊಬ್ಬೆ ಏಳುತ್ತದೆ. ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಇಳಿಯುವಾಗ ಬೆರಳುಗಳು ಶೂವಿನ ಮೂತಿಗೆ ಒತ್ತುತ್ತಲೇ ಇರುತ್ತವೆ.

ತಲಾ ಮೂರು ಲೀಟರ್ ನೀರು. ಭಾರವಾಯಿತೆಂದು ಒಂದು ಲೀಟರ್ ತಂದವರು ಮೇಲೆ ಮೂರು ಲೀಟರಿನವರ ಮುಖ ನೋಡುತ್ತಾರೆ. ಅದರಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿ (ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಕೊಡುವ ಪುಡಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ). ಚಪಾತಿ, ಕಡಲೆಕಾಯಿ, ಬಾಳೆಹಣ್ಣು ಸಾಕು. ಹೊಟ್ಟೆ ಭಾರವಾಗುವ ಊಟ ಇಳಿದ ಮೇಲಿರಲಿ. ಕೋತಿಗಳಿರುವ ಜಾಗ, ತಿಂಡಿ ಪ್ಲಾಸ್ಟಿಕ್ ಕವರಿನಲ್ಲಿ ತೂಗಾಡದೆ ಚೀಲದೊಳಗಿರಲಿ. ಟೋಪಿ, ಕ್ರೇಪ್ ಬ್ಯಾಂಡೇಜ್, ಟಾರ್ಚ್, ತುಂಬಿದ ಬ್ಯಾಟರಿಯ ಫೋನ್. ಎಲ್ಲವೂ ಬೆನ್ನಿಗೆ ಹಾಕುವ ಚೀಲದಲ್ಲೇ ಇರಬೇಕು. ಎರಡೂ ಕೈ ಖಾಲಿ ಇರದಿದ್ದರೆ ಈ ಬೆಟ್ಟ ಹತ್ತಬಾರದು.

ಬಿಗಿ ಜೀನ್ಸ್ ಬೇಡ, ಮೊಣಕಾಲು ಸಲೀಸಾಗಿ ಮಡಚಬೇಕು. ಗಾಢ ಸುಗಂಧವೂ ಬೇಡ. ಬಂಡೆಯ ಕಡಿದಾದ ಮಗ್ಗುಲುಗಳಲ್ಲಿ ಹೆಜ್ಜೇನು ಕಟ್ಟುತ್ತದೆ. ವಾಸನೆ, ಹೊಗೆ, ಕಿರುಚಾಟ ಅವನ್ನು ಕೆರಳಿಸುತ್ತವೆ.

ಹಂತ 4: ಬುಡದಲ್ಲಿ

ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರೇಶ್ವರ ಸ್ವಾಮಿಯ ಗುಡಿ, ಅದರಾಚೆ ಲಕ್ಷ್ಮೀನರಸಿಂಹ ಸ್ವಾಮಿಯ ಗುಡಿ ಇವೆ. ಹರಕೆಯವರು, ಭಕ್ತರು ಬರುವ ಜಾಗ. ಚಾರಣದ ಉಡುಪಿನಲ್ಲಿದ್ದೇವೆಂದು ಪ್ರಾಂಗಣದಲ್ಲಿ ಹಾಡು ಹಚ್ಚಿಕೊಂಡು ಕೂರುವುದು ಚೆನ್ನಲ್ಲ.

ಬೆಳಗ್ಗೆ ಒಳಗೆ ಬಿಡುವ ಹೊತ್ತಿಗೇ ಇಲ್ಲಿರಿ. ಶೌಚಾಲಯ ಬುಡದಲ್ಲೇ ಮುಗಿಸಿ. ಮನೆಯವರಿಗೆ "ಹತ್ತಲು ಶುರು ಮಾಡಿದೆವು, ಇಷ್ಟು ಹೊತ್ತಿಗೆ ಇಳಿಯುತ್ತೇವೆ" ಎಂದು ಒಂದು ಸಂದೇಶ ಕಳಿಸಿ. ಫೋನಿನ ನಕ್ಷೆಯಲ್ಲಿ ಈ ಜಾಗವನ್ನು ಗುರುತು ಹಾಕಿ ಉಳಿಸಿಕೊಳ್ಳಿ, ಸಿಗ್ನಲ್ ಇಲ್ಲದಿದ್ದರೂ ತೆರೆಯುವ ಹಾಗೆ ನಕ್ಷೆ ಇಳಿಸಿಕೊಂಡಿರಿ.

ಶುರುವಿನ ದಾರಿ ಕುರುಚಲು ಕಾಡಿನದು. ಇಲ್ಲಿ ಮೈ ಬಿಸಿಯಾಗಲಿ, ಓಡಬೇಡಿ. ಹಕ್ಕಿಗಳ ಮೇಲೆ ಆಸಕ್ತಿಯಿದ್ದವರು ಕಿವಿ ತೆರೆದಿಡಿ: ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಉಳಿದಿರುವ ಹಳದಿ ಕೊರಳಿನ ಪಿಕಳಾರ ಸಾವನದುರ್ಗದಲ್ಲೂ ಇದೆ. ನಾಚಿಕೆಯ ಹಕ್ಕಿ, ಸ್ಪೀಕರ್ ಹಾಕಿಕೊಂಡು ಹೋಗುವವರಿಗೆ ಸಿಗುವುದಿಲ್ಲ.

ಹಂತ 5: ಬಂಡೆಯ ಮೇಲೆ ಮೊದಲ ಹೆಜ್ಜೆ

ಪೊದೆ ಮುಗಿದು ಬಂಡೆ ಎದುರಾದಾಗ ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಸಹಜ. ಹತ್ತಲು ಹೋಗುವ ಮೊದಲು ಐದು ನಿಮಿಷ ಕಲಿಯಿರಿ. ಬುಡದ ಕಡಿಮೆ ಇಳಿಜಾರಿನಲ್ಲಿ ಹತ್ತು ಹೆಜ್ಜೆ ಹತ್ತಿ, ಹತ್ತು ಹೆಜ್ಜೆ ಇಳಿದು ನೋಡಿ. ಇಲ್ಲೇ ಶೂ ಜಾರುತ್ತಿದೆ ಎಂದರೆ ಮೇಲೂ ಜಾರುತ್ತದೆ. ಇಲ್ಲಿಂದಲೇ ವಾಪಸ್ಸಾಗಲು ನಾಚಬೇಡಿ.

ನಡೆಯುವ ರೀತಿ ಹೀಗೆ. ಪಾದವನ್ನು ಪೂರ್ತಿ ಊರಿ. ಬೆರಳ ತುದಿಯಲ್ಲಿ ಹತ್ತಿದರೆ ಬೇಗ ಮೀನಖಂಡ ಹಿಡಿದುಕೊಳ್ಳುತ್ತದೆ, ಕಲ್ಲಿಗೆ ತಾಗುವ ರಬ್ಬರೂ ಕಡಿಮೆ. ಹೆಜ್ಜೆ ಚಿಕ್ಕದಿರಲಿ. ಮೈಭಾರ ನೇರ ಪಾದದ ಮೇಲೆ ಬೀಳಬೇಕು. ಭಯಕ್ಕೆ ನಾವು ಬಂಡೆಗೆ ಅಂಟಿಕೊಳ್ಳಲು ಹೋಗುತ್ತೇವೆ, ಎದೆ ಮುಂದಕ್ಕೆ ಬಾಗುತ್ತದೆ, ಆಗ ಪಾದದ ಮೇಲಿನ ಒತ್ತಡ ಹಿಂದಕ್ಕೆ ತಳ್ಳತೊಡಗಿ ಕಾಲು ಜಾರುತ್ತದೆ. ನೆಟ್ಟಗೆ ನಿಂತಷ್ಟೂ ಹಿಡಿತ ಜಾಸ್ತಿ ಎಂಬುದು ಒಮ್ಮೆ ಮೈಗೆ ತಿಳಿದರೆ ಅರ್ಧ ಬೆಟ್ಟ ಹತ್ತಿದಂತೆ. ಕಡಿದಾದ ಕಡೆ ನೇರ ಹತ್ತದೆ ಹಾವಿನ ನಡೆಯಲ್ಲಿ ಅಡ್ಡಡ್ಡ ಹೋಗಿ.

ಎಲ್ಲಿ ಕಾಲಿಡಬೇಕು ಎಂಬುದನ್ನು ಕಲ್ಲೇ ತೋರಿಸುತ್ತದೆ. ಬೂದು ಬಣ್ಣದ, ಒರಟಾದ, ಹರಳುಗಳು ಎದ್ದು ಕಾಣುವ ಭಾಗ ಒಳ್ಳೆಯದು. ಕಪ್ಪು ಪಟ್ಟೆ ಅನುಮಾನದ್ದು. ಜನ ತುಳಿದು ತುಳಿದು ಮಿರುಗುವಂತಾದ ಜಾಗವೂ ಹಾಗೆಯೇ, ಅದರ ಪಕ್ಕಕ್ಕೆ ಒಂದಡಿ ಸರಿದರೆ ಒರಟು ಕಲ್ಲು ಸಿಗುತ್ತದೆ. ಸವೆದ ಬಂಡೆಯಿಂದ ಉದುರಿದ ಪುಡಿಗಲ್ಲು ತಗ್ಗುಗಳಲ್ಲಿ ಸೇರಿರುತ್ತದೆ. ಅದರ ಮೇಲೆ ಕಾಲಿಟ್ಟರೆ ರಾಗಿ ಚೆಲ್ಲಿದ ಸಿಮೆಂಟ್ ನೆಲದ ಮೇಲೆ ಇಟ್ಟ ಹಾಗೆ. ಇನ್ನೊಂದು, ಇಲ್ಲಿನ ಗ್ರಾನೈಟ್ ಪದರ ಪದರವಾಗಿ ಕಳಚಿಕೊಳ್ಳುವ ಜಾತಿಯದು. ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿ, ಮೇಲಿನ ಪದರ ಒಳಗಿನ ಬಂಡೆಯಿಂದ ಬಿಟ್ಟುಕೊಂಡು ಹಲಗೆಯಂತೆ ಕೂತಿರುತ್ತದೆ. ಹಿಡಿಯುವ ಮೊದಲು ಗೆಣ್ಣಿನಿಂದ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕಬೇಡಿ, ಅದರ ನೇರ ಕೆಳಗೆ ಯಾರನ್ನೂ ನಿಲ್ಲಿಸಬೇಡಿ.

ಬಂಡೆಯ ಮೇಲೆ ಬಾಣದ ಗುರುತುಗಳನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಒಂದು ಬಾಣದ ಬಳಿ ನಿಂತು ಮುಂದಿನದನ್ನು ಕಣ್ಣಲ್ಲಿ ಹುಡುಕಿಕೊಂಡೇ ಹೊರಡಿ. ಕಾಣದಿದ್ದರೆ ಹಿಂದಿನ ಬಾಣಕ್ಕೆ ಮರಳಿ. ಕೆಲವು ಬಾಣಗಳು ಮಾಸಿರುತ್ತವೆ, ಕೆಲವು ಕಡೆ ಪ್ರೇಮಿಗಳ ಹೆಸರುಗಳೇ ಬಾಣಕ್ಕಿಂತ ದಪ್ಪಗಿವೆ. ಆ ಕೆಲಸಕ್ಕೆ ದಯವಿಟ್ಟು ನೀವು ಕೈ ಹಾಕಬೇಡಿ. ದಾರಿ ತಪ್ಪಿದವನ ಕಣ್ಣಿಗೆ ಯಾವ ಬಿಳಿ ಗೀಟೂ ಬಾಣದಂತೆಯೇ ಕಾಣುತ್ತದೆ.

ಹಂತ 6: ಕೋಟೆಯ ಗೋಡೆಗಳ ನಡುವೆ

ಮೊದಲ ಕಡಿದಾದ ಬಂಡೆ ದಾಟಿದ ಮೇಲೆ ಕೋಟೆಯ ಅವಶೇಷಗಳು ಸಿಗುತ್ತವೆ. ಇಲ್ಲಿ ಕೂತು ನೀರು ಕುಡಿಯಿರಿ, ಒಂದಿಷ್ಟು ತಿನ್ನಿ. ಮಾಗಡಿ ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ದುರ್ಗ ಆಮೇಲೆ ಮೈಸೂರಿನವರ ಪಾಲಾಯಿತು. 1791ರ ಡಿಸೆಂಬರ್‌ನಲ್ಲಿ, ಮೂರನೆಯ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನಿಂದ ಇದನ್ನು ಕಿತ್ತುಕೊಂಡಿತು. ನೀವು ಖಾಲಿ ಕೈಯಲ್ಲಿ ಏದುಸಿರು ಬಿಡುತ್ತಾ ಬಂದ ಇಳಿಜಾರಿನಲ್ಲಿ ಈ ಗೋಡೆಯ ಕಲ್ಲುಗಳನ್ನು ಏರಿಸಿ ಜೋಡಿಸಿದವರನ್ನು ನೆನೆದರೆ ಗೌರವ ಮೂಡುತ್ತದೆ. ಗೋಡೆ ಹತ್ತಬೇಡಿ, ಕಲ್ಲುಗಳು ಸಡಿಲವಾಗಿವೆ.

ಗುಂಪಿನಲ್ಲಿ ಯಾರಿಗಾದರೂ ಮೊಣಕಾಲು ನಡುಗುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ತೀರ್ಮಾನ ಇಲ್ಲೇ ಆಗಬೇಕು. ಒಬ್ಬರನ್ನೇ ಕೂರಿಸಿ "ನಾವು ಮೇಲೆ ಹೋಗಿ ಬರ್ತೀವಿ" ಎನ್ನುವುದು ತಪ್ಪು. ಒಬ್ಬರು ಜೊತೆಗಿರಲಿ, ಇಲ್ಲವೇ ಎಲ್ಲರೂ ಇಳಿಯಿರಿ. ಮಕ್ಕಳ ವಿಷಯಕ್ಕೆ ಬಂದರೆ, ಹತ್ತು ವರ್ಷ ದಾಟಿದ, ಹೇಳಿದ ಮಾತು ಕೇಳುವ ಮಕ್ಕಳನ್ನು ತಲೆಗೊಬ್ಬ ದೊಡ್ಡವರಂತೆ ಕರೆತರಬಹುದು ಎನ್ನುವುದು ನನ್ನ ಅಭಿಪ್ರಾಯ. ಎತ್ತಿಕೊಂಡು ಹೋಗಬೇಕಾದ ಮಗುವನ್ನು ಖಂಡಿತ ತರಬೇಡಿ. ಮಂಡಿ ನೋವಿರುವ ಹಿರಿಯರಿಗೆ ಹತ್ತುವುದು ಸಾಧ್ಯವಾದರೂ ಇಳಿಯುವುದು ಶಿಕ್ಷೆ.

ಹಂತ 7: ತುದಿ

ಮುಂದೆ ದಾರಿ ಕೆಲವು ಕಡೆ ಸಮತಟ್ಟು, ಕೆಲವು ಕಡೆ ಗುಂಡುಗಳ ಸಂದು, ನಡುನಡುವೆ ಗಿಡಗಂಟಿ ಮತ್ತು ದೊಣೆಗಳು. ದೊಣೆಯ ನೀರು ಕುಡಿಯಲು ಯೋಗ್ಯವಲ್ಲ, ಕಾಲು ಇಳಿಬಿಡಲೂ ಬೇಡಿ. ತಳ ಜಾರುತ್ತದೆ, ಆ ಸಣ್ಣ ನೀರಿನಲ್ಲೇ ಬದುಕುವ ಜೀವಗಳಿವೆ. ಕೊನೆಯ ಏರು ಮುಗಿದಾಗ ಕಲ್ಲುಕಂಬಗಳ ಪುಟ್ಟ ಮಂಟಪ, ಅದರೊಳಗೆ ಬಸವಣ್ಣ. ಪೂರ್ವದ ಕಡೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಗುಡ್ಡಗಳ ನಡುವೆ ಹರಡಿಕೊಂಡಿರುತ್ತದೆ. ಗಾಳಿ ಜೋರಾಗಿರುತ್ತದೆ. ಟೋಪಿ ಹಾರಿದರೆ ಅದರ ಹಿಂದೆ ಓಡಬೇಡಿ, ಫೋಟೊಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ.

ದೂರದಲ್ಲಿ ಗುಡುಗು ಕೇಳಿಸಿದರೂ ಕೂಡಲೇ ಇಳಿಯಲು ಶುರು ಮಾಡಿ. ಮಂಟಪ ಸಿಡಿಲಿನಿಂದ ಕಾಪಾಡುವುದಿಲ್ಲ. ಮಳೆ ಇಲ್ಲದಿದ್ದರೂ ಗಡಿಯಾರ ನೋಡಿಕೊಂಡಿರಿ. ತಡವಾಗಿ ಹೊರಟವರು ಮಧ್ಯಾಹ್ನ ಒಂದಾಯಿತೆಂದರೆ ತುದಿ ಮುಟ್ಟದಿದ್ದರೂ ಹಿಂದಿರುಗಬೇಕು.

ಹಂತ 8: ಇಳಿಯುವುದು

ನಿಜವಾದ ಕೆಲಸ ಇಲ್ಲಿಂದ ಶುರು. ಈ ಭಾಗವನ್ನು ನಿಧಾನವಾಗಿ ಓದಿ.

ಸಾವನದುರ್ಗದ ಬಂಡೆ ಗುಮ್ಮಟದ ಆಕಾರದ್ದು. ಮೇಲೆ ಇಳಿಜಾರು ಕಡಿಮೆ, ಕೆಳಗೆ ಹೋದಂತೆ ಹೆಚ್ಚು. ಹತ್ತುವಾಗ ಕಷ್ಟದ್ದು ಮೊದಲೇ ಮುಗಿದು ಆಮೇಲೆ ಸುಲಭವಾಗುತ್ತದೆ. ಇಳಿಯುವಾಗ ಉಲ್ಟಾ. ದಾರಿ ತಪ್ಪಿ ಬೇರೆ ಕಡೆ ಇಳಿಯಲು ಶುರು ಮಾಡಿದರೂ ಮೊದಲ ನೂರು ಹೆಜ್ಜೆ ಸಲೀಸಾಗಿಯೇ ಇರುತ್ತದೆ. ಆಮೇಲೆ ಬಂಡೆ ಬಾಗತೊಡಗುತ್ತದೆ. ಮುಂದೆ ಏನಿದೆ ಎಂದು ಕಾಣುವುದಿಲ್ಲ. "ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಕಾಣಬಹುದು" ಎಂದು ಇಡುತ್ತಾರೆ. ಆ ನಾಲ್ಕು ಹೆಜ್ಜೆ ಆದ ಮೇಲೆ ಕೆಳಗೂ ಹೋಗಲಾಗದು, ಮೇಲೂ ತಿರುಗಲಾಗದು. ಆದ್ದರಿಂದ ನಿಯಮ ಒಂದೇ: ಕೆಳಗಿನ ಬಂಡೆ ಕಣ್ಣಿಗೆ ಪೂರ್ತಿ ಕಾಣದ ಇಳಿಜಾರಿಗೆ ಕಾಲಿಡಬೇಡಿ. ಬಾಣ ಕಾಣದ ಕ್ಷಣವೇ ನಿಂತು, ಮೇಲೆ ಹತ್ತಿ, ಕೊನೆಯದಾಗಿ ಕಂಡ ಬಾಣ ಹುಡುಕಿ. ಕೆಳಗೆ ದೇವಸ್ಥಾನ ಕಾಣುತ್ತಿದೆ, ರಸ್ತೆ ಕಾಣುತ್ತಿದೆ, ಹೀಗೇ ನೇರ ಹೋದರಾಯಿತು ಎಂಬ ಲೆಕ್ಕ ಈ ಬೆಟ್ಟದಲ್ಲಿ ನಡೆಯುವುದಿಲ್ಲ.

ಹತ್ತುವಾಗಲೇ ಇದಕ್ಕೆ ಸಿದ್ಧತೆ ಮಾಡಬಹುದು. ತಿರುವು ಬಂದಾಗಲೆಲ್ಲ ಹಿಂದಿರುಗಿ ನೋಡಿ, ಫೋನಿನಲ್ಲಿ ಕೆಳಮುಖವಾಗಿ ಒಂದು ಚಿತ್ರ ತೆಗೆಯಿರಿ. ಇಳಿಯುವಾಗ ದಾರಿ ಹೇಗೆ ಕಾಣುತ್ತದೋ ಹಾಗೆಯೇ ಕಾಣುವ ಚಿತ್ರ ಅದು. ಕೋಟೆಯ ಬಾಗಿಲು, ಒಂಟಿ ಮರ, ಸೀಳಿದ ಗುಂಡು, ಇವು ನೆನಪಿನಲ್ಲಿರಲಿ.

ಇಳಿಯುವ ರೀತಿಯೂ ಬೇರೆ. ಮೊಣಕಾಲು ಸ್ವಲ್ಪ ಮಡಚಿ, ಸೊಂಟ ತುಸು ತಗ್ಗಿಸಿ, ಪಾದ ಪೂರ್ತಿ ಊರಿ. ಹಿಮ್ಮಡಿಯನ್ನು ಮಾತ್ರ ಊರಿ ಹಿಂದಕ್ಕೆ ವಾಲಿದರೆ ಜಾರಿ ಕೂರುತ್ತೀರಿ. ತೀರಾ ಕಡಿದಾದ ಕಡೆ ಪಾದಗಳನ್ನು ಓರೆ ಮಾಡಿ, ಬೆಟ್ಟಕ್ಕೆ ಪಕ್ಕ ತಿರುಗಿ ಇಳಿಯಿರಿ. ಬೇಕೆನಿಸಿದರೆ ಕೂತು, ಎರಡೂ ಅಂಗೈ ಎರಡೂ ಪಾದ ಬಂಡೆಗೆ ಒತ್ತಿ ಸರಿಯಿರಿ. ಆದರೆ ಪ್ಯಾಂಟಿನ ಮೇಲೆ ಜಾರುಬಂಡೆ ಆಡುವುದು ಬೇಡವೇ ಬೇಡ, ಬಟ್ಟೆಗೆ ರಬ್ಬರಿನ ಹಿಡಿತವಿಲ್ಲ. ಓಡುತ್ತಾ ಇಳಿಯುವ ಹುಡುಗರನ್ನು ನೋಡಿ ಹುರುಪುಗೊಳ್ಳಬೇಡಿ. ಒಬ್ಬರ ನೇರ ಹಿಂದೆ ಇನ್ನೊಬ್ಬರು ಇಳಿಯಬೇಡಿ, ಮೇಲಿನವರು ಜಾರಿದರೆ ಕೆಳಗಿನವರನ್ನೂ ಎಳೆದುಕೊಂಡು ಹೋಗುತ್ತಾರೆ. ಕೈ ಕೈ ಹಿಡಿದು ಸರಪಳಿ ಮಾಡುವುದೂ ಅದೇ ಕಾರಣಕ್ಕೆ ಅಪಾಯ.

ನಡುವೆ ಮಳೆ ಬಂದರೆ? ಬಂಡೆ ನೆನೆಯುವ ಮೊದಲು ಬಿರುಕೋ ಪೊದೆಯೋ ಇರುವ ಸಮತಟ್ಟು ಜಾಗಕ್ಕೆ ಸೇರಿ ಕುಳಿತುಬಿಡಿ. ಸಣ್ಣ ಮಳೆಯಾದರೆ ಬಿಸಿಲು ಬಂದ ಮೇಲೆ ಬಂಡೆ ಬೇಗ ಒಣಗುತ್ತದೆ. ತಡವಾಗುತ್ತದೆಂದು ಒದ್ದೆ ಬಂಡೆಗೆ ಇಳಿಯಬೇಡಿ.

ಹಂತ 9: ಏನಾದರೂ ಆದರೆ

ಯಾರಾದರೂ ಇಳಿಜಾರಿನಲ್ಲಿ ಸಿಕ್ಕಿಹಾಕಿಕೊಂಡರೆ ಅವರಿಗೆ ಹೇಳಬೇಕಾದ ಮಾತು "ಕೂತ್ಕೊ, ಅಲ್ಲಾಡಬೇಡ". ಎಳೆಯಲು ನೀವೂ ಇಳಿಯಬೇಡಿ, ದುಪಟ್ಟಾ, ಬೆಲ್ಟು ಕಟ್ಟಿ ಎಳೆಯುವ ಸಾಹಸವೂ ಬೇಡ. 112ಕ್ಕೆ ಕರೆ ಮಾಡಿ, ಇರುವ ಜಾಗವನ್ನು ನಕ್ಷೆಯಿಂದ ಕಳಿಸಿ. ಜೊತೆಗೆ ಒಬ್ಬರು ಕೆಳಗೆ ಹೋಗಿ ಅರಣ್ಯ ಸಿಬ್ಬಂದಿಗೂ ಗುಡಿಯ ಬಳಿಯ ಊರಿನವರಿಗೂ ತಿಳಿಸಲಿ. ಬಂಡೆಯ ಮೂಲೆ ಮೂಲೆ ಗೊತ್ತಿರುವವರು ಅವರೇ. ಆಂಬುಲೆನ್ಸ್‌ಗೆ 108. ಪಾದ ಉಳುಕಿದ್ದರೆ, ಇನ್ನೂ ನಡೆಯಲೇಬೇಕಿದ್ದರೆ ಶೂ ಬಿಚ್ಚಬೇಡಿ. ಊದಿಕೊಂಡ ಕಾಲಿಗೆ ಮತ್ತೆ ಹಾಕಲಾಗುವುದಿಲ್ಲ, ಮೇಲಿಂದಲೇ ಬ್ಯಾಂಡೇಜ್ ಸುತ್ತಿ.

ಜೇನು ಎದ್ದರೆ ಬಟ್ಟೆಯಿಂದ ಮುಖ, ತಲೆ ಮುಚ್ಚಿ ಅಲ್ಲಿಂದ ದೂರ ಸರಿಯಿರಿ. ಕೈ ಬೀಸಿ ಓಡಿಸಲು ಹೋಗಬೇಡಿ, ಇಳಿಜಾರಿನ ಕಡೆ ಓಡಬೇಡಿ.

ಬಿಸಿಲಿಗೆ ತಲೆನೋವು, ವಾಕರಿಕೆ ಶುರುವಾದರೆ ಬಂಡೆಯ ನೆರಳಿಗೆ ಕರೆದೊಯ್ದು ಕೂರಿಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ, ಕತ್ತಿನ ಹಿಂದೆ ಒದ್ದೆ ಬಟ್ಟೆ ಇಡಿ. ಮಾತು ತೊದಲಿದರೆ, ಗೊಂದಲದಲ್ಲಿದ್ದರೆ ಕಾಯದೆ ಸಹಾಯ ಕರೆಯಿರಿ.

ಇಳಿದಾದ ಮೇಲೆ ಮೈ ಬಿಸಿಯಾಗಿರುತ್ತದೆ, ಮಂಚನಬೆಲೆ ಹತ್ತಿರದಲ್ಲೇ ಇರುತ್ತದೆ. ಅಲ್ಲಿ ನೀರಿಗೆ ಇಳಿಯಬೇಡಿ. ಅನೇಕರು ಮುಳುಗಿ ಸತ್ತಿರುವ ಜಲಾಶಯ ಅದು, ದಣಿದ ಕಾಲಿಗೆ ಈಜು ಬಂದರೂ ಸಾಲದು. ತಂದ ಬಾಟಲಿ, ಬಿಸ್ಕತ್ ಕವರು ಎಲ್ಲವೂ ಚೀಲದಲ್ಲಿವೆಯೇ ನೋಡಿಕೊಳ್ಳಿ, ಬೆಳಗ್ಗೆ ಸಂದೇಶ ಕಳಿಸಿದ ಮನೆಯವರಿಗೆ "ಇಳಿದೆವು" ಎಂದು ತಿಳಿಸಿ, ಕಂಡಕ್ಟರ್ ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ಬಸ್ಸು ನಿಲ್ಲುವ ಜಾಗಕ್ಕೆ ಬನ್ನಿ.